ಸೂಕ್ಷ್ಮ ಗಾಳಕ್ಕೆ ಸಿಕ್ಕುವ ಸನ್‌ಫಿಶ್

ಉತ್ತರ ಅಮೆರಿಕದಲ್ಲಿ ರಾಕಿ ಪರ್ವತಶ್ರೇಣಿಯಿಂದ ಮೂಡಲಿಗೆ ಅಟ್ಲಾಂಟಿಕ್ ತೀರದವರೆಗೆ ಹಬ್ಬಿರುವ ಸೀಮೆಯ ಅಸಂಖ್ಯ ಕೊಳಗಳಲ್ಲಿಯೂ, ಮಂದಗತಿಯಿಂದ ಹರಿಯುವ ಸಣ್ಣ ನದಿಗಳ ತಿರುವುಗಳಲ್ಲಿಯೂ, ಊರಿನ ಉದ್ಯಾನದ ಕೆರೆಯಿಂದ ಮೊದಲುಗೊಂಡು ರೈತನು ದನಕರುಗಳಿಗೆಂದು ತೋಡಿಸಿದ ಹೊಂಡದವರೆಗೆ ಎಲ್ಲೆಲ್ಲಿ ಬೇಸಗೆಯ ಬಿಸಿಲು ನೀರಿನೊಳಗಿಳಿದು ಜಲಸಸ್ಯಗಳನ್ನು ಪೋಷಿಸುವುದೋ ಅಲ್ಲೆಲ್ಲ, ಅಂಗೈಯಷ್ಟು ಅಗಲವಾದ, ಇಕ್ಕೆಲಗಳಿಂದ ಒತ್ತಿದಂತೆ ಚಪ್ಪಟೆಯಾದ, ಎದೆಯ ಮೇಲೆ ಕಿತ್ತಳೆಯನ್ನೂ ಕೆನ್ನೆಯ ಮೇಲೆ ನೀಲಿಯನ್ನೂ ತಾಳಿದ ಒಂದು ಬಗೆಯ ಮೀನುಗಳು ವಾಸಿಸುತ್ತವೆ. ಅಲ್ಲಿನ ಜನ ಇವನ್ನು ಒಟ್ಟಾಗಿ ಸನ್‌ಫಿಶ್ ಎನ್ನುತ್ತಾರೆ. ಸಾಗರದಲ್ಲಿ ತೇಲುವ ಮಹಾಕಾಯದ ಮೋಲಾ ಮೀನಿಗೂ ಇದೇ ಹೆಸರಿದ್ದರೂ ಇವಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಆ ದೇಶದಲ್ಲಿ ಮೀನು ಹಿಡಿಯುವ ಹವ್ಯಾಸಕ್ಕೆ ಬಿದ್ದವರನೇಕರ ಮೊದಲ ಮೀನು ಸನ್‌ಫಿಶ್ಶೇ ಆಗಿದ್ದಿತಾದರೂ, ಪ್ರೌಢರಾದ ಬಳಿಕ ಅವರು ಟ್ರೌಟ್, ಸಾಲ್ಮನ್, ಬ್ಯಾಸ್ ಮೊದಲಾದ ಪ್ರತಿಷ್ಠಿತ ಮೀನುಗಳ ಬೆನ್ನುಹತ್ತಿ, ಈ ಬಡಪಾಯಿಯನ್ನು ಮಕ್ಕಳಾಟದ ವಸ್ತುವೆಂದು ಕಡೆಗಣಿಸುವುದುಂಟು. ಈ ಅವಜ್ಞೆ ನನಗೆ ನ್ಯಾಯವಾಗಿ ತೋರುವುದಿಲ್ಲ. ಪ್ರಾಣಿಯು ಆಹಾರವನ್ನು ಹೇಗೆ ಆರಿಸಿಕೊಳ್ಳುತ್ತದೆ, ಭಯವು ಅದರ ವಾಸಸ್ಥಾನವನ್ನು ಹೇಗೆ ನಿರ್ಧರಿಸುತ್ತದೆ, ಒಂದೇ ಜಾತಿಯ ಗಂಡುಗಳಲ್ಲಿ ಎರಡು ಬಗೆಯ ಜೀವನಮಾರ್ಗಗಳು ಹೇಗೆ ಉಳಿದುಬರುತ್ತವೆ ಎಂಬ ಪ್ರಶ್ನೆಗಳಿಗೆ ಜೀವವಿಜ್ಞಾನಿಗಳು ಉತ್ತರವನ್ನರಸಿ ಹೋದುದು ಸಾಲ್ಮನ್ನಿನ ಬಳಿಗಷ್ಟೇ ಅಲ್ಲ, ಈ ಸನ್‌ಫಿಶ್ಶಿನ ಬಳಿಗೂ ಹೌದು. ಅವರು ಬಲೆ, ತೊಟ್ಟಿಗಳಿಂದ ಅರಿತುದರಲ್ಲಿ ಒಂದು ಪಾಲನ್ನು ಹಗುರವಾದ ಗಾಳವನ್ನು ಹಿಡಿದು ದಡದಲ್ಲಿ ಕುಳಿತವನೂ ತನ್ನ ಬೆರಳತುದಿಯಿಂದಲೇ ಅರಿಯಬಹುದು. ಗಾಳ ಭಾರವಾದರೆ ಆ ಅರಿವು ದೊರೆಯದು.

ಸನ್‌ಫಿಶ್ಶುಗಳು ಸೆಂಟ್ರಾರ್ಕಿಡೇ ಎಂಬ ಕುಟುಂಬಕ್ಕೆ ಸೇರಿದವು. ಮೂವತ್ತಕ್ಕೂ ಹೆಚ್ಚು ಜಾತಿಗಳುಳ್ಳ ಈ ಕುಟುಂಬವು ಉತ್ತರ ಅಮೆರಿಕದ ಸಿಹಿನೀರಿಗೆ ಮಾತ್ರವೇ ಸಹಜವಾದುದು. ಬೇರೆ ಖಂಡಗಳಲ್ಲಿ ಇಂದು ಇವುಗಳೆಲ್ಲಿ ಕಂಡರೂ ಅಲ್ಲಿಗೆ ಒಯ್ದವನು ಮನುಷ್ಯನೇ. ಸನ್‌ಫಿಶ್ಶನ್ನು ತಿಂದು ಬೆಳೆಯುವ ದೊಡ್ಡಬಾಯಿಯ ಬ್ಯಾಸ್ ಕೂಡ ಇದೇ ಕುಟುಂಬದ್ದೆಂಬುದು ದಾಯಾದಿಕಲಹದ ಸ್ವಾರಸ್ಯವನ್ನು ಬಲ್ಲ ನಮ್ಮವರಿಗೆ ವಿಚಿತ್ರವೆನಿಸಲಾರದು. ನಿಜವಾದ ಸನ್‌ಫಿಶ್ಶುಗಳ ಕುಲಕ್ಕೆ ಲೆಪೋಮಿಸ್ ಎಂದು ಹೆಸರು. ಅದರಲ್ಲಿ ಬ್ಲೂಗಿಲ್ ಎಂಬುದು ಅತ್ಯಂತ ಪರಿಚಿತ. ಕಿವಿರಿನ ಮುಚ್ಚಳದ ತುದಿಯಲ್ಲಿ ಕಪ್ಪಾದ ಒಂದು ಕಿವಿಯಂತಹ ಚಾಚು, ಬೆನ್ನಿನ ರೆಕ್ಕೆಯ ಹಿಂಬದಿಯಲ್ಲಿ ಒಂದು ಮಸಿಮಚ್ಚೆ, ಇವು ಅದರ ಗುರುತು. ಪಂಪ್ಕಿನ್‌ಸೀಡ್ ಎಂಬುದಕ್ಕೆ ಆ ಕಪ್ಪು ಕಿವಿಯ ಅಂಚಿನಲ್ಲಿ ಕುಂಕುಮದ ಬೊಟ್ಟಿಟ್ಟಂತೆ ಕೆಂಪು ಚುಕ್ಕೆಯುಂಟು. ಅಟ್ಲಾಂಟಿಕ್ಕಿಗೆ ಹರಿಯುವ ನದಿಗಳಲ್ಲಿ ಉದ್ದಗಿವಿಯ ರೆಡ್‌ಬ್ರೆಸ್ಟ್, ದಕ್ಷಿಣದ ಕೆರೆಗಳಲ್ಲಿ ರೆಡ್‌ಇಯರ್, ಕೆಸರುನೀರನ್ನೂ ಬರಗಾಲವನ್ನೂ ಸಹಿಸಬಲ್ಲ ಗ್ರೀನ್ ಸನ್‌ಫಿಶ್, ಹೀಗೆ ಒಂದೊಂದು ನೀರಿಗೆ ಒಂದೊಂದು. ಬ್ಲೂಗಿಲ್ಲನ್ನು 1819ರಲ್ಲಿ ಓಹಾಯೋ ನದಿಯಿಂದ ವರ್ಣಿಸಿ ಹೆಸರಿಟ್ಟವನು ರಾಫಿನೆಸ್ಕ್ ಎಂಬ ಅಲೆಮಾರಿ ಪಂಡಿತ. ಈ ಮಹಾನುಭಾವನು ಪಕ್ಷಿಚಿತ್ರಕಾರ ಆಡುಬಾನನ ಮನೆಯಲ್ಲಿ ಅತಿಥಿಯಾಗಿದ್ದಾಗ ಆತಿಥೇಯನು ತಮಾಷೆಗಾಗಿ ಕಲ್ಪಿಸಿ ಹೇಳಿದ, ಬಂದೂಕಿನ ಗುಂಡಿಗೂ ಜಗ್ಗದ ಹುರುಪೆಗಳುಳ್ಳ ಮೀನೇ ಮೊದಲಾದವುಗಳನ್ನು ನಂಬಿ ತನ್ನ ಗ್ರಂಥದಲ್ಲಿ ಸೇರಿಸಿಬಿಟ್ಟನು. ಆದರೆ ತಾನೇ ಕಣ್ಣಾರೆ ಕಂಡ ಬ್ಲೂಗಿಲ್ಲಿಗೆ ಆತನಿಟ್ಟ ಹೆಸರು ಎರಡು ಶತಮಾನ ಕಳೆದರೂ ಹಾಗೆಯೇ ನಿಂತಿದೆ.

ಇನ್ನು ಗಾಳದ ವಿಚಾರ. ದಡದಲ್ಲಿ ಕುಳಿತವನಿಗೆ ಮೀನಿನ ಸುದ್ದಿಯನ್ನು ಮೊದಲು ತಿಳಿಸುವುದು ಬೆಂಡು. ಅಂಗಡಿಗಳಲ್ಲಿ ಮಕ್ಕಳಿಗೆಂದು ಮಾರುವ ಕೆಂಪುಬಿಳಿಯ ದುಂಡನೆಯ ಬೆಂಡು ಕಣ್ಣಿಗೆ ಸೊಗಸಾದರೂ ಈ ಕೆಲಸಕ್ಕೆ ನಿಷ್ಪ್ರಯೋಜಕವೆಂದೇ ನಾನು ಹೇಳುವೆನು. ಅದಕ್ಕೆ ಕಾರಣವು ಆರ್ಕಿಮಿಡೀಸನಷ್ಟು ಹಳೆಯದು. ಬೆಂಡನ್ನು ಮುಳುಗಿಸಬೇಕಾದರೆ ಅದರ ಯಾವ ಭಾಗವು ನೀರಿನ ಮೇಲಿದೆಯೋ ಆ ಭಾಗದಷ್ಟೇ ಗಾತ್ರದ ನೀರಿನ ತೂಕಕ್ಕೆ ಸಮನಾದ ಬಲವನ್ನು ಮೀನು ಪ್ರಯೋಗಿಸಬೇಕು. ಎರಡೂವರೆ ಸೆಂಟಿಮೀಟರ್ ವ್ಯಾಸದ ಗೋಳದ ಗಾತ್ರ ಸುಮಾರು 8 ಘನ ಸೆಂಟಿಮೀಟರ್. ಅದರ ಅರ್ಧವು ನೀರಿನ ಮೇಲಿದ್ದರೆ ಅದನ್ನು ಮುಳುಗಿಸಲು 4 ಗ್ರಾಂ ತೂಕದಷ್ಟು ಎಳೆತ ಬೇಕು. ಇದಕ್ಕೆ ಬದಲಾಗಿ ಕಡ್ಡಿಯಂತಹ ಬೆಂಡನ್ನು ಕಟ್ಟಿ, ಸೀಸದ ಪುಟ್ಟ ಗುಂಡುಗಳಿಂದ ಭಾರವನ್ನು ಸರಿದೂಗಿಸಿ, 4 ಮಿಲಿಮೀಟರ್ ದಪ್ಪದ ತುದಿಯ ಎರಡು ಸೆಂಟಿಮೀಟರ್ ಮಾತ್ರವೇ ಮೇಲೆ ಕಾಣುವಂತೆ ನಿಲ್ಲಿಸಿದರೆ, ಅದು ಮುಳುಗಲು ಬೇಕಾದುದು ಕಾಲು ಗ್ರಾಂ. ಹದಿನಾರು ಪಟ್ಟು ವ್ಯತ್ಯಾಸ! ಅನುಭವಿಗಳಾದ ಗಾಳಗಾರರು ಈ ಗಣಿತವನ್ನು ಮಾಡದೆಯೇ ಅದರ ಫಲವನ್ನು ಬಲ್ಲರು. ಸೀಸದ ಗುಂಡನ್ನು ಒಂದೊಂದಾಗಿ ಸೇರಿಸುತ್ತ ಬೆಂಡಿನ ತಲೆ ಮುಳುಗಿತೋ ಇಲ್ಲವೋ ಎನ್ನುವಷ್ಟಕ್ಕೆ ತಂದು ನಿಲ್ಲಿಸುತ್ತಾರೆ.

ಇಷ್ಟು ಸೂಕ್ಷ್ಮತೆ ಏತಕ್ಕೆಂಬುದು ಮೀನಿನ ಬಾಯಿಯನ್ನು ನೋಡಿದಾಗ ತಿಳಿಯುತ್ತದೆ. ಬ್ಲೂಗಿಲ್ಲಿನ ಬಾಯಿ ಅದರ ದೇಹದ ಪ್ರಮಾಣಕ್ಕೆ ಬಹು ಚಿಕ್ಕದು. ಅದು ಕಚ್ಚಿ ಎಳೆಯುವ ಬಾಯಿಯಲ್ಲ, ಹೀರುವ ಬಾಯಿ. ಆಹಾರದ ಎದುರಿಗೆ ಬಂದು, ಎದೆಯ ರೆಕ್ಕೆಗಳನ್ನು ಬೀಸಿ ತನ್ನ ಮುನ್ನಡೆಯನ್ನು ತಡೆದು, ಕ್ಷಣಕಾಲ ನಿಂತು, ಆ ಬಳಿಕ ದವಡೆಯನ್ನೂ ಗಂಟಲಿನ ಕುಹರವನ್ನೂ ಸೆಕೆಂಡಿನ ಅತ್ಯಲ್ಪ ಅಂಶದಲ್ಲಿ ಹಿಗ್ಗಿಸಿದೊಡನೆ ಎದುರಿನ ನೀರು ಒಳನುಗ್ಗುತ್ತದೆ. ನೀರಿನೊಡನೆ ಆಹಾರವೂ ಒಳಗೆ ಸೇರುತ್ತದೆ. ಆದರೆ ಈ ಹೀರಿಕೆಯ ಪ್ರಭಾವವು ಅತಿ ಸಮೀಪದ್ದು. ಪ್ರಯೋಗಶಾಲೆಯಲ್ಲಿ ಅಳೆದವರ ಪ್ರಕಾರ, ಬಾಯಿ ತೆರೆದ ಅಗಲದಷ್ಟೇ ದೂರಕ್ಕೆ ಹೋಗುವಷ್ಟರಲ್ಲಿ ನೀರಿನ ವೇಗವು ಬಾಯಿಯಲ್ಲಿದ್ದುದರ ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಆದುದರಿಂದ ಎರೆಯು ನೀರಿನೊಡನೆ ನೀರಾಗಿ ಹೋಗಬಲ್ಲಂತಿರಬೇಕು. ಹಿಂದಿನಿಂದ ದಾರವು ಬಿಗಿಹಿಡಿದರೆ, ಬೆಂಡು ಮೇಲಕ್ಕೆಳೆದರೆ, ಕೊಕ್ಕೆಯ ತೂಕ ಕೆಳಕ್ಕೆಳೆದರೆ, ಎರೆ ತುಟಿಯವರೆಗೆ ಬಂದು ನಿಂತುಬಿಡುತ್ತದೆ. ಇಲ್ಲವೆ ಒಳಗೆ ಹೋದರೂ ಅಸಹಜವಾದ ಪ್ರತಿರೋಧವನ್ನರಿತ ಮೀನು ಹೀರಿದಷ್ಟೇ ಬೇಗ ಉಗುಳುತ್ತದೆ. ಮೀನು ಕಚ್ಚುತ್ತಿದೆ, ಸಿಕ್ಕುತ್ತಿಲ್ಲ ಎಂದು ಹೊಸಬರು ಪೇಚಾಡುವುದು ಈ ಕಾರಣದಿಂದ. ಕೊಕ್ಕೆಯು 8 ಅಥವಾ 10ನೆಯ ನಂಬರಿನದಿದ್ದರೆ ಸಾಕು. ನಂಬರು ಏರಿದಂತೆ ಗಾತ್ರ ಇಳಿಯುವುದೆಂಬುದನ್ನು ನೆನಪಿಡತಕ್ಕದ್ದು. ಎರೆಹುಳುವನ್ನು ಇಡಿಯಾಗಿ ಚುಚ್ಚದೆ ಕೊಕ್ಕೆಯನ್ನು ಮರೆಮಾಡುವಷ್ಟು ತುಂಡನ್ನು ಮಾತ್ರ ಚುಚ್ಚುವುದು ಲೇಸು. ಮಿಡತೆ, ಚಿಮ್ಮಂಡೆ, ರೊಟ್ಟಿಯ ಉಂಡೆ ಯಾವುದೂ ಆಗಬಹುದು, ಬಾಯಿಗೆ ಹಿಡಿಸುವಂತಿದ್ದರೆ.

ದಾರದ ತೆಳುತನವು ಮೀನಿನ ಕಣ್ಣಿಗೆ ಮರೆಯಾಗುವುದಕ್ಕಾಗಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದೂ ನಿಜವಿರಬಹುದು; ಆದರೆ ಅದಕ್ಕಿಂತ ಮುಖ್ಯವಾದುದು ಬಾಗುವ ಗುಣ. ದುಂಡನೆಯ ಎಳೆಯ ಪೆಡಸುತನವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ, ಎಂದರೆ 0.4 ಮಿಲಿಮೀಟರಿನ ನೈಲಾನ್ ದಾರವು 0.2 ಮಿಲಿಮೀಟರಿನದಕ್ಕಿಂತ ಎರಡು ಪಟ್ಟಲ್ಲ, ಹದಿನಾರು ಪಟ್ಟು ಪೆಡಸು. ನಾಲ್ಕು ಪೌಂಡಿನ ದಾರವೆಂದು ಮಾರುವ, ಸುಮಾರು 1.8 ಕಿಲೋಗ್ರಾಂ ಎಳೆತವನ್ನು ತಾಳುವ ನೈಲಾನ್ ಎಳೆ ಬಹುಮಟ್ಟಿಗೆ ಈ 0.2 ಮಿಲಿಮೀಟರಿನದು, ಸನ್‌ಫಿಶ್ಶಿಗೆ ಇದೇ ಧಾರಾಳ, ಎರಡು ಪೌಂಡಿನದಾದರೆ ಇನ್ನೂ ಒಳ್ಳೆಯದು. ಇಂತಹ ಎಳೆ ಸಾಮಾನ್ಯ ಜನರ ಕೈಗೆ ಬಂದುದು ಇತ್ತೀಚಿನ ಸಂಗತಿ. ಡುಪಾಂಟ್ ಸಂಸ್ಥೆಯು ನೈಲಾನನ್ನು ಲೋಕಕ್ಕೆ ಪ್ರಕಟಿಸಿದುದು 1938ರಲ್ಲಿ. ಅದಕ್ಕೆ ಮುಂಚೆ ರೇಷ್ಮೆ, ಕುದುರೆಯ ಬಾಲದ ಕೂದಲು, ರೇಷ್ಮೆಹುಳುವಿನ ಗ್ರಂಥಿಯಿಂದ ಎಳೆದ ತಂತುಗಳೇ ಗತಿಯಾಗಿದ್ದುವು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ವಿಶ್ವಕೋಶದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮೀನುಗಳ ಭೇದಗಳೇನು, ಯಾವುದಕ್ಕೆ ಎಂತಹ ಆಹಾರ, ದಾರವನ್ನೂ ಗಳುವನ್ನೂ ಸಿದ್ಧಪಡಿಸುವುದೆಂತು ಎಂಬುದನ್ನು ರಾಜೋಚಿತವಾದ ಗಾಂಭೀರ್ಯದಿಂದ ನಿರೂಪಿಸಿದೆ. ಗಾಳ ಹಾಕುವುದನ್ನು ಸೋಮಾರಿಗಳ ಕಾಲಕ್ಷೇಪವೆಂದು ಜರೆಯುವವರಿಗೆ ಈ ದೊರೆಯ ಸಾಕ್ಷ್ಯವನ್ನು ತೋರಿಸಬಹುದು.

ಐದಾರು ಅಡಿಯ ತೆಳುವಾದ ಬಾಗುಗೋಲಿಗೆ ಈ ದಾರವನ್ನು ಕಟ್ಟಿ ಒಂದು ಬ್ಲೂಗಿಲ್ಲನ್ನು ಹಿಡಿದವನು, ಮೀನು ಮೇಲೆ ಬಂದಾಗ ಅದರ ಕಿರಿದಾದ ಗಾತ್ರವನ್ನು ಕಂಡು ಬೆರಗಾಗದೆ ಇರನು. ಹದಿನೆಂಟು ಸೆಂಟಿಮೀಟರ್ ಉದ್ದದ, 125 ಗ್ರಾಮಿನಷ್ಟು ತೂಗುವ ಮೀನು ಅಷ್ಟು ಜಗ್ಗಿದ್ದಾದರೂ ಹೇಗೆ? ಅದರ ರಹಸ್ಯ ಸ್ನಾಯುಬಲಕ್ಕಿಂತ ಹೆಚ್ಚಾಗಿ ಆಕಾರದಲ್ಲಿದೆ. ಉದ್ದನೆಯ ದುಂಡು ಮೈಯ ಮೀನು ದಾರದ ಎಳೆತಕ್ಕೆ ನೇರವಾಗಿ ಓಡಲು ನೋಡುತ್ತದೆ. ಸನ್‌ಫಿಶ್ ಹಾಗಲ್ಲ, ಅಗಲವಾದ ತನ್ನ ಮಗ್ಗುಲನ್ನು ಎಳೆತಕ್ಕೆ ಅಡ್ಡಲಾಗಿ ಒಡ್ಡಿ ವೃತ್ತಾಕಾರವಾಗಿ ಸುತ್ತುತ್ತದೆ. ಆ ಮಗ್ಗುಲಿನ ವಿಸ್ತೀರ್ಣವನ್ನು ಸ್ಥೂಲವಾಗಿ 100 ಚದರ ಸೆಂಟಿಮೀಟರೆಂದು ಭಾವಿಸಿ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಅದನ್ನು ನೀರಿನಲ್ಲಿ ಅಡ್ಡಲಾಗಿ ಎಳೆದರೆ, ಚಪ್ಪಟೆ ಹಲಗೆಗೆ ಅನ್ವಯಿಸುವ ಲೆಕ್ಕದಂತೆ ನೀರಿನ ಪ್ರತಿರೋಧವೊಂದೇ ಸುಮಾರು 140 ಗ್ರಾಂ ತೂಕಕ್ಕೆ ಸಮನಾಗುತ್ತದೆ. ಎಂದರೆ ಮೀನಿನ ತೂಕವನ್ನೂ ಮೀರುತ್ತದೆ. ಈ ಪ್ರತಿರೋಧವು ವೇಗದ ವರ್ಗದಂತೆ ಏರುವುದರಿಂದ, ಉತ್ಸಾಹಿಯಾದ ಗಾಳಗಾರನು ಇಮ್ಮಡಿ ವೇಗದಿಂದ ದಾರವನ್ನೆಳೆದನೆಂದರೆ ಅದು ನಾಲ್ಮಡಿಯಾಗಿ ಅರ್ಧ ಕಿಲೋಗ್ರಾಮನ್ನು ದಾಟುತ್ತದೆ. ಹೀಗೆ ಅರ್ಧದಷ್ಟು ಹೋರಾಟವನ್ನು ಮೀನಿಗಿಂತ ನೀರೇ ಮಾಡುತ್ತಿರುತ್ತದೆ! ಈ ಚಪ್ಪಟೆ ಮೈ ನಮ್ಮೊಡನೆ ಸೆಣಸುವುದಕ್ಕಾಗಿ ಬಂದುದಲ್ಲವಷ್ಟೆ. ಜಲಸಸ್ಯಗಳ ಕಾಂಡಗಳ ನಡುವೆ, ನಿಂತಲ್ಲಿಯೇ ತಿರುಗಿ, ಹಿಮ್ಮೆಟ್ಟಿ, ಮೇಲೇರಿ, ಕೆಳಗಿಳಿದು ಬದುಕಬೇಕಾದ ಜೀವಿಗೆ ದೂರದ ಓಟಕ್ಕಿಂತ ತಿರುಗುವ ಚಾತುರ್ಯ ಹೆಚ್ಚಿನ ಅಗತ್ಯವಾದುದು. ಹಾರ್ವರ್ಡಿನ ಜಾರ್ಜ್ ಲಾಡರ್ ಮತ್ತು ಸಹೋದ್ಯೋಗಿಗಳು ಬ್ಲೂಗಿಲ್ಲಿನ ಎದೆರೆಕ್ಕೆಯು ಪ್ರತಿಯೊಂದು ಬೀಸಿನಲ್ಲಿಯೂ ಹೇಗೆ ಮಡಿಚಿ ತಿರುಚಿಕೊಳ್ಳುವುದೆಂಬುದನ್ನು ವರ್ಷಗಟ್ಟಲೆ ಅಧ್ಯಯನಮಾಡಿ, ಅದನ್ನನುಕರಿಸುವ ಯಾಂತ್ರಿಕ ರೆಕ್ಕೆಗಳನ್ನೇ ಕಟ್ಟಿ ನೋಡಿರುವರು. ಬಿರುಸಾದ ದೊಡ್ಡ ಗೋಲಿನಿಂದ ಇದೇ ಮೀನನ್ನು ಎತ್ತಿ ದಡಕ್ಕೆಸೆದವನಿಗೆ ಈ ಯಾವ ಸಂಗತಿಯೂ ಗೋಚರಿಸದು. ಆತನಿಗೆ ದೊರಕುವುದು ನೂರಿಪ್ಪತ್ತೈದು ಗ್ರಾಂ ಮಾಂಸ ಮಾತ್ರ.

ಮೀನು ಎಲ್ಲಿರುವುದೆಂದು ಕೇಳಿದರೆ, ಕಳೆಯ ಅಂಚಿನಲ್ಲಿ ಎಂಬುದು ಎಲ್ಲರೂ ಕೊಡುವ ಉತ್ತರ. ಈ ಉತ್ತರದ ಹಿಂದೆ ಒಂದು ಸೊಗಸಾದ ಪ್ರಯೋಗವಿದೆ. ಮಿಷಿಗನ್ ರಾಜ್ಯದಲ್ಲಿ ಅರ್ಲ್ ವರ್ನರ್ ಮತ್ತು ಆತನ ಜೊತೆಗಾರರು ಒಂದು ಕೊಳವನ್ನು ನಡುವೆ ವಿಭಾಗಿಸಿ, ಎರಡೂ ಪಾಲುಗಳಲ್ಲಿ ಬೇರೆ ಬೇರೆ ಗಾತ್ರದ ಬ್ಲೂಗಿಲ್‌ಗಳನ್ನು ಬಿಟ್ಟು, ಒಂದು ಪಾಲಿನಲ್ಲಿ ಮಾತ್ರ ಬ್ಯಾಸ್ ಮೀನುಗಳನ್ನು ಸೇರಿಸಿದರು. ಶತ್ರುವಿಲ್ಲದ ಪಾಲಿನಲ್ಲಿ ಎಲ್ಲ ಗಾತ್ರದವೂ ಆಹಾರ ಹೆಚ್ಚು ದೊರೆಯುವಲ್ಲಿಗೆ, ಋತುವಿಗೆ ತಕ್ಕಂತೆ ಬಯಲು ನೀರಿಗೋ ತಳಕ್ಕೋ ಹೋಗುತ್ತಿದ್ದುವು. ಬ್ಯಾಸ್ ಇದ್ದ ಪಾಲಿನಲ್ಲಾದರೋ, ನುಂಗಿಸಿಕೊಳ್ಳುವಷ್ಟು ಚಿಕ್ಕವು ಮಾತ್ರ ಹೊಟ್ಟೆಗೆ ಸಾಲದಿದ್ದರೂ ಕಳೆಯೊಳಗೇ ಅವಿತು, ಬೆಳವಣಿಗೆಯಲ್ಲಿ ಹಿಂದುಳಿದುವು. ಬ್ಯಾಸಿನ ಬಾಯಿಗೆ ಹಿಡಿಸದಷ್ಟು ದೊಡ್ಡವಾದವು ನಿರ್ಭಯವಾಗಿ ಹೊರಗೆ ಮೇಯುತ್ತಿದ್ದುವು. 1983ರಲ್ಲಿ ಪ್ರಕಟವಾದ ಈ ಪ್ರಯೋಗದ ತಾತ್ಪರ್ಯವನ್ನು ಗಾಳಗಾರನು ಹೀಗೆ ಗ್ರಹಿಸಬಹುದು: ಕಳೆಯ ನಡುವೆ ಎರೆಹಾಕಿದರೆ ಬೆರಳುದ್ದದ ಮರಿಗಳು ಮುತ್ತಿಕೊಳ್ಳುವುವು, ಅಂಗೈಯನ್ನು ತುಂಬುವ ಮೀನು ಬೇಕಾದವನು ಕಳೆಯಿಂದ ಹೊರಕ್ಕೆ, ತುಸು ಆಳದ ಕಡೆಗೆ ದೃಷ್ಟಿಯಿಡಬೇಕು.

ಇದೇ ವರ್ನರ್ 1974ರಲ್ಲಿ ಡೊನಾಲ್ಡ್ ಹಾಲ್ ಎಂಬವರೊಡನೆ ಪ್ರಕಟಿಸಿದ ಪ್ರಯೋಗವು ಇನ್ನೂ ಪ್ರಸಿದ್ಧವಾದುದು. ಅವರು ಡಾಫ್ನಿಯಾ ಎಂಬ ನೀರುಚಿಗಟಗಳನ್ನು ಸಣ್ಣ, ನಡು, ದೊಡ್ಡ ಗಾತ್ರಗಳಲ್ಲಿ ಬೆರಸಿ ಬ್ಲೂಗಿಲ್‌ಗಳ ಮುಂದಿಟ್ಟು, ತಿಂದುದನ್ನು ಲೆಕ್ಕಹಾಕಿದರು. ಆಹಾರ ವಿರಳವಾಗಿದ್ದಾಗ ಮೀನುಗಳು ಎದುರಾದುದನ್ನೆಲ್ಲ ತಿಂದುವು. ಸಮೃದ್ಧವಾಗಿದ್ದಾಗ ಸಣ್ಣವನ್ನು ಬಿಟ್ಟು ದೊಡ್ಡವನ್ನೇ ಆರಿಸಿದುವು. ಹುಡುಕುವ ಶ್ರಮ, ಹಿಡಿಯುವ ಶ್ರಮ, ದೊರೆಯುವ ಪೋಷಣೆ ಈ ಮೂರನ್ನು ಹೋಲಿಸಿ ಸಿದ್ಧಾಂತವು ಮುಂಗಂಡಿದ್ದ ವರ್ತನೆ ಇದೇ. ಕೆಲವು ಕೊಳಗಳಲ್ಲಿ ಬರಿಯ ಕೊಕ್ಕೆಗೂ ಹಾಯುವ ಮೀನು ಬೇರೊಂದು ಕೊಳದಲ್ಲಿ ಒಳ್ಳೆಯ ಎರೆಯನ್ನೂ ಮೂಸಿ ಹಿಂದಿರುಗುವುದನ್ನು ಕಂಡವರು ಅದನ್ನು ಮೀನಿನ ಬುದ್ಧಿವಂತಿಕೆಗೆ ಆರೋಪಿಸುತ್ತಾರೆ. ಆ ಕೊಳದ ಐಶ್ವರ್ಯಕ್ಕೆ ಆರೋಪಿಸಿದರೆ ಹೆಚ್ಚು ಸರಿಯಾದೀತು.

ಪಂಪ್ಕಿನ್‌ಸೀಡ್ ಮತ್ತು ರೆಡ್‌ಇಯರ್‌ಗಳು ಬಸವನಹುಳುಗಳನ್ನು ಗಂಟಲಿನೊಳಗಣ ಗಟ್ಟಿ ಹಲ್ಲುಗಳಿಂದ ಅರೆದು, ಚಿಪ್ಪನ್ನುಗುಳಿ ಮಾಂಸವನ್ನು ನುಂಗುತ್ತವೆ. ಅವುಗಳಿಗೆ ಎರೆ ತಳದಲ್ಲಿರಬೇಕು. ಬಸವನಹುಳು ಕಡಮೆಯಾದ ಸರೋವರಗಳಲ್ಲಿ ಬೆಳೆದ ಪಂಪ್ಕಿನ್‌ಸೀಡ್‌ಗಳ ಗಂಟಲ ಸ್ನಾಯುಗಳು ಕೃಶವಾಗಿರುವುದನ್ನು ಮಿಷಿಗನ್ನಿನಲ್ಲಿಯೇ ಕಂಡುಕೊಂಡಿದ್ದಾರೆ. ಅರಿಝೋನದ ಹವಾಸು ಸರೋವರದಲ್ಲಿ 2021ರಲ್ಲಿ ಸಿಕ್ಕಿದ ರೆಡ್‌ಇಯರ್ ಒಂದು 2.8 ಕಿಲೋಗ್ರಾಂ ತೂಗಿ ವಿಶ್ವದಾಖಲೆಯಾಯಿತು. ಆ ಸರೋವರಕ್ಕೆ 2007ರ ಸುಮಾರಿಗೆ ಹೊರಗಿನಿಂದ ಬಂದು ಹಬ್ಬಿದ ಕ್ವಾಗ ಎಂಬ ಚಿಪ್ಪುಜೀವಿಯನ್ನು ತಿಂದೇ ಅಲ್ಲಿನ ಮೀನುಗಳು ಹೀಗೆ ಕೊಬ್ಬಿವೆ ಎಂದು ಹಲವರು ಊಹಿಸುತ್ತಾರೆ. ಬ್ಲೂಗಿಲ್ಲಿನ ದಾಖಲೆ 1950ರ ಏಪ್ರಿಲಿನಲ್ಲಿ ಅಲಬಾಮದ ಕೆಟೋನ ಸರೋವರದಲ್ಲಿ ಸಿಕ್ಕಿದ 2.15 ಕಿಲೋಗ್ರಾಮಿನದು, ಅದನ್ನು ಇದುವರೆಗೆ ಯಾರೂ ಮೀರಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯವಾದ ವಿಷಯಕ್ಕೆ ಬರುವೆನು. ವಸಂತವು ಕಳೆದು ನೀರು 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬೆಚ್ಚಗಾದೊಡನೆ, ಬ್ಲೂಗಿಲ್ ಗಂಡುಗಳು ದಡದ ಸಮೀಪದ ತಿಳಿನೀರಿಗೆ ಬಂದು, ಬಾಲದಿಂದ ಮರಳನ್ನು ಬೀಸಿ ಬೀಸಿ ತಟ್ಟೆಯಾಕಾರದ ತಗ್ಗುಗಳನ್ನು ಮಾಡುತ್ತವೆ. ಹತ್ತಾರು, ಕೆಲವೊಮ್ಮೆ ನೂರಾರು ಗೂಡುಗಳು ಒಂದಕ್ಕೊಂದು ತಾಗಿಕೊಂಡು ಒಂದು ವಠಾರವೇ ಏರ್ಪಡುತ್ತದೆ. ಮೊಟ್ಟೆಗಳ್ಳರಿಂದ ರಕ್ಷಣೆ ವಠಾರದ ನಡುವಿನ ಗೂಡುಗಳಿಗೆ ಹೆಚ್ಚು, ಅಂಚಿನವಕ್ಕೆ ಕಡಮೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗಿಬಿಡುತ್ತದೆ. ಆಮೇಲಿನ ಹೊಣೆಯೆಲ್ಲ ಗಂಡಿನದೇ: ಮೊಟ್ಟೆಗಳಿಗೆ ಹೊಸ ನೀರು ಹಾಯುವಂತೆ ರೆಕ್ಕೆಗಳಿಂದ ಬೀಸುತ್ತ, ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತ, ತನ್ನ ಊಟವನ್ನು ಬಹುಮಟ್ಟಿಗೆ ಮರೆತು, ಮರಿಗಳು ಈಜಿಹೋಗುವವರೆಗೆ ಅದು ಕಾವಲಿರುತ್ತದೆ. ಗಾಂಧೀಜಿಯ ಮೂಲಕ ನಮಗೆಲ್ಲ ಪರಿಚಿತನಾದ ಹೆನ್ರಿ ಡೇವಿಡ್ ಥೋರೋ, 1849ರಲ್ಲಿ ಪ್ರಕಟಿಸಿದ ಕಾನ್ಕರ್ಡ್ ಮತ್ತು ಮೆರಿಮ್ಯಾಕ್ ನದಿಗಳ ಯಾನದ ಪುಸ್ತಕದಲ್ಲಿ, ಹೀಗೆ ಗೂಡು ಕಾಯುತ್ತಿರುವ ಸನ್‌ಫಿಶ್ಶನ್ನು ವರ್ಣಿಸಿ, ತಾನು ನೀರಿನಲ್ಲಿ ನಿಂತು ಅದನ್ನು ಕೈಯಿಂದ ನೇವರಿಸಿದರೂ ಅದು ಬೆದರಿ ಓಡದೆ ತನ್ನ ಬೆರಳನ್ನು ಮೆಲ್ಲನೆ ಕಚ್ಚಿತೆಂದು ಬರೆದಿದ್ದಾನೆ. ಆತನು ಕಂಡುದು ಬಹುಶಃ ಪಂಪ್ಕಿನ್‌ಸೀಡ್. ಬ್ಲೂಗಿಲ್ ಆ ನದಿಗಳ ಮೂಲನಿವಾಸಿಯಲ್ಲ.

ಈ ಸಾಧುಗೃಹಸ್ಥನ ಸಂಸಾರಕ್ಕೆ ಕಳ್ಳರೂ ಉಂಟು. ಕೆನಡದ ಒಂಟಾರಿಯೋ ಪ್ರಾಂತ್ಯದ ಒಪಿನಿಕನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಎಂಬ ವಿಜ್ಞಾನಿಯು ನೀರಿನಲ್ಲಿ ಮುಳುಗಿಯೇ ಈ ವಠಾರಗಳನ್ನು ವೀಕ್ಷಿಸಿ, ಎರಿಕ್ ಶಾರ್ನೊವ್‌ನೊಡನೆ 1980ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಗೂಡು ಕಟ್ಟುವ ಗಂಡುಗಳು ಅಲ್ಲಿ ಸುಮಾರು ಏಳನೆಯ ವಯಸ್ಸಿಗೆ ಪ್ರೌಢವಾಗುತ್ತವೆ. ಆದರೆ ಗಂಡುಗಳಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಗೂಡು ಕಟ್ಟುವ ಗೋಜಿಗೇ ಹೋಗದೆ, ಎರಡನೆಯ ವಯಸ್ಸಿಗೇ ಪ್ರೌಢವಾಗಿ, ಕಳೆಯ ಮರೆಯಲ್ಲಿ ಹೊಂಚುಹಾಕಿ, ದಂಪತಿಗಳು ಕೂಡಿದ ಕ್ಷಣದಲ್ಲಿ ನುಗ್ಗಿ ಮೊಟ್ಟೆಗಳಿಗೆ ತಮ್ಮ ರೇತಸ್ಸನ್ನು ಚೆಲ್ಲಿ ಪಲಾಯನಮಾಡುತ್ತವೆ. ಇವೇ ಕೊಂಚ ದೊಡ್ಡವಾದ ಮೇಲೆ ಅಡಗುವುದು ಕಷ್ಟವಾಗಿ, ಹೆಣ್ಣಿನ ಬಣ್ಣವನ್ನೂ ಹಾವಭಾವವನ್ನೂ ತಾಳಿ, ಯಜಮಾನನ ಕಣ್ಣೆದುರಿಗೇ ಗೂಡಿನೊಳಕ್ಕೆ ಪ್ರವೇಶಿಸುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಿ ವ್ಯಾಲೇಸ್ ಡಾಮಿನಿ ಎಂಬಾತನೂ ಅದೇ ವರ್ಷ ಈ ಸ್ತ್ರೀವೇಷವನ್ನು ವರದಿಮಾಡಿದನು. ಕೀಚಕನು ಮೋಸಹೋದ ಕಥೆಯನ್ನು ಬಲ್ಲ ನಮಗೆ ಇಲ್ಲಿನ ವ್ಯತ್ಯಾಸ ಹೊಳೆಯದೆ ಇರದು: ಇಲ್ಲಿ ಮೋಸಹೋಗುವವನು ಮನೆವಂದಿಗನಾದ ಗೃಹಸ್ಥ.

ಗಾಳಗಾರನಿಗೂ ಇದಕ್ಕೂ ಏನು ಸಂಬಂಧವೆಂದರೆ, ಜೂನ್ ತಿಂಗಳಿನಲ್ಲಿ ದಡದಲ್ಲಿ ನಿಂತವನಿಗೆ ಅತಿ ಸುಲಭವಾಗಿ ಸಿಕ್ಕುವುದು ಈ ಕಾವಲುಗಾರನೇ. ಗೂಡಿನ ಮೇಲೆ ಬಿದ್ದ ಯಾವ ವಸ್ತುವನ್ನಾದರೂ ಅದು ಹಸಿವಿನಿಂದಲ್ಲ, ರೋಷದಿಂದ ಹಿಡಿದೆಸೆಯಲು ಬರುತ್ತದೆ. ಮೈದುಂಬಿದ, ಎದೆ ಕೆಂಪಾದ, ಕೊಳದಲ್ಲಿ ಅತ್ಯಂತ ದೊಡ್ಡದಾದ ಮೀನು ಹೀಗೆ ಒಂದರ ಹಿಂದೊಂದು ಬುಟ್ಟಿಯನ್ನು ಸೇರುತ್ತದೆ. ಕಾವಲು ತಪ್ಪಿದ ಮೊಟ್ಟೆಗಳು ಕಳ್ಳರ ಪಾಲಾಗುವುದು ತತ್ಕಾಲದ ನಷ್ಟ. ಅದಕ್ಕಿಂತ ಆಳವಾದುದು ಮತ್ತೊಂದು: ಗೂಡಿಗಾಗಿ ಸ್ಪರ್ಧಿಸಬೇಕಾದ ದೊಡ್ಡ ಗಂಡುಗಳು ಇಲ್ಲವಾದಾಗ, ಇನ್ನೂ ಕೆಲವು ವರ್ಷ ಬೆಳೆಯಬೇಕಾಗಿದ್ದ ಕಿರಿಯ ಗಂಡುಗಳು ಕಾಯುವ ಅಗತ್ಯವಿಲ್ಲದೆ ಬೇಗನೆ ಪ್ರೌಢವಾಗುತ್ತವೆ, ಬೆಳವಣಿಗೆಗೆ ಸಲ್ಲಬೇಕಾದ ಶಕ್ತಿಯು ಸಂತಾನಕ್ಕೆ ವ್ಯಯವಾಗಿ, ಅವು ಕುಳ್ಳಾಗಿಯೇ ಉಳಿಯುತ್ತವೆ. ಕೆಲವು ವರ್ಷಗಳಲ್ಲಿ ಕೊಳದ ತುಂಬ ಬೆರಳುದ್ದದ ಮುದಿಮೀನುಗಳು. ಬ್ಯಾಸ್ ಮೀನುಗಳನ್ನು ಅತಿಯಾಗಿ ಹಿಡಿದರೂ ಬೇರೊಂದು ದಾರಿಯಿಂದ ಇದೇ ಗತಿ: ಮರಿಗಳು ಮಿತಿಮೀರಿ ಉಳಿದು ಆಹಾರ ಸಾಲದಾಗುತ್ತದೆ. ಅಲಬಾಮದ ಆಬರ್ನಿನಲ್ಲಿ ಹೋಮರ್ ಸ್ವಿಂಗಲ್ 1930ರ ದಶಕದಿಂದ ಮುಂದಕ್ಕೆ ನೂರಾರು ಹೊಂಡಗಳಲ್ಲಿ ಪ್ರಯೋಗಮಾಡಿ, ಬ್ಯಾಸ್ ಮತ್ತು ಬ್ಲೂಗಿಲ್‌ಗಳ ಸಮತೋಲವನ್ನು ಕಾಪಾಡುವ ಕ್ರಮವನ್ನು ರೂಪಿಸಿದನು; ಅಮೆರಿಕದ ಲಕ್ಷಾಂತರ ಕೃಷಿಹೊಂಡಗಳಿಗೆ ಅದೇ ಆಧಾರವಾಯಿತು. ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ, 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಮೀನು ಕಿಕ್ಕಿರಿದು ಕುಬ್ಜವಾಗುವುದನ್ನು ಕಂಡವರಿಗೆ ಈ ವ್ಯಾಧಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೀನನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಒಯ್ಯುವ ವಿಷಯದಲ್ಲಿಯಂತೂ ಬ್ಲೂಗಿಲ್ಲಿನ ಕಥೆ ಕಣ್ಣು ತೆರೆಸುವಂತಹುದು. 1960ರಲ್ಲಿ ಜಪಾನಿನ ಅಂದಿನ ಯುವರಾಜ, ಸ್ವತಃ ಮತ್ಸ್ಯಶಾಸ್ತ್ರಜ್ಞನಾದ ಅಕಿಹಿತೋಗೆ, ಶಿಕಾಗೋ ನಗರದ ಮೇಯರ್ ಕೆಲವು ಬ್ಲೂಗಿಲ್‌ಗಳನ್ನು ಕಾಣಿಕೆಯಾಗಿತ್ತನು. ಸಾಕಣೆಗೆಂದು ಸರ್ಕಾರದ ಮೀನುಗಾರಿಕೆ ಸಂಸ್ಥೆಗೆ ಕೊಟ್ಟ ಆ ಮೀನುಗಳ ಸಂತತಿಯು ತಪ್ಪಿಸಿಕೊಂಡು ಪುರಾತನವಾದ ಬಿವಾ ಸರೋವರವನ್ನು ಸೇರಿ, ಅಲ್ಲಿನ ದೇಶೀಯ ಮೀನುಗಳಿಗೆ ಕಂಟಕವಾಯಿತು. ಇಂದು ಜಪಾನಿನಲ್ಲಿರುವ ಬ್ಲೂಗಿಲ್‌ಗಳೆಲ್ಲ ಆ ಹಿಡಿಯಷ್ಟು ಮೀನುಗಳ ವಂಶಜರೆಂದು ಆನುವಂಶಿಕ ಪರೀಕ್ಷೆಗಳು ತೋರಿಸಿವೆ. ಚಕ್ರವರ್ತಿಯಾದ ಬಳಿಕ 2007ರಲ್ಲಿ ಅಕಿಹಿತೋ ಬಿವಾ ತೀರದ ಸಭೆಯಲ್ಲಿಯೇ ಈ ಬಗ್ಗೆ ತನ್ನ ವ್ಯಥೆಯನ್ನು ಬಹಿರಂಗವಾಗಿ ವ್ಯಕ್ತಪಡಿಸಿದನು. ತವರಿನಲ್ಲಿ ಅದೇ ಮೀನು ಉಪಕಾರಿಯೂ ಹೌದು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಮೊದಲಾದ ನಗರಗಳಲ್ಲಿ ಕುಡಿಯುವ ನೀರಿಗೆ ವಿಷ ಸೇರಿದೆಯೇ ಎಂಬುದನ್ನು ಅರಿಯಲು ಬ್ಲೂಗಿಲ್‌ಗಳನ್ನು ತೊಟ್ಟಿಯಲ್ಲಿಟ್ಟು, ಅವುಗಳ ಉಸಿರಾಟದ ಏರುಪೇರನ್ನು ಯಂತ್ರಗಳಿಂದ ಸತತವಾಗಿ ಗಮನಿಸುವ ಏರ್ಪಾಡನ್ನು ಮಾಡಿದ್ದರು.

ಅಮೆರಿಕದಲ್ಲಿ ನೆಲೆಸಿ, ರಜೆಯ ದಿನಗಳಲ್ಲಿ ಮಕ್ಕಳನ್ನು ಹತ್ತಿರದ ಕೊಳಕ್ಕೆ ಕರೆದೊಯ್ಯುವ ಕನ್ನಡಿಗರು ಈಗ ಅನೇಕರಿದ್ದಾರೆ. ಅವರು ಮೊದಲು ಆಯಾ ರಾಜ್ಯದ ಪರವಾನಗಿಯ ನಿಯಮವನ್ನು ತಿಳಿದುಕೊಳ್ಳಲಿ. ಮಕ್ಕಳಿಗೆ ಬಹುತೇಕ ಕಡೆ ವಿನಾಯಿತಿಯಿದೆ, ದೊಡ್ಡವರಿಗಿಲ್ಲ. ಕೊಕ್ಕೆಯ ಮುಳ್ಳನ್ನು ಚಿಮಟದಿಂದ ಒತ್ತಿ ಮಟ್ಟಸಮಾಡಿಕೊಂಡರೆ ಮೀನಿನ ಬಾಯಿಗೆ ಗಾಯ ಕಡಮೆ. ಕೊಕ್ಕೆಯ ಕಾಲು ಉದ್ದವಾಗಿದ್ದರೆ ಆ ಚಿಕ್ಕ ಬಾಯಿಯಿಂದ ಬಿಡಿಸುವುದೂ ಸುಲಭ. ಕೊಕ್ಕೆ ಗಂಟಲೊಳಗೆ ಇಳಿದಿದ್ದರೆ ಕೀಳಲು ಹೋಗದೆ ದಾರವನ್ನೇ ಕತ್ತರಿಸಿಬಿಡಬೇಕು. ಒಣಗೈಯಿಂದ ಮುಟ್ಟಿದರೆ ರೋಗವನ್ನು ತಡೆಯುವ ಮೈಯ ಲೋಳೆ ಕಿತ್ತುಬರುವುದರಿಂದ ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳಬೇಕು. ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಹಿಡಿದರೆ ಅಂಗೈಗೂ ಕ್ಷೇಮ. ತಿನ್ನುವ ಆಸೆಯುಳ್ಳವರು ತಿನ್ನಲಿ. ಹಂಚಿನ ಮೇಲೆ ಹುರಿದ ಬ್ಲೂಗಿಲ್ಲಿನ ರುಚಿಯನ್ನು ನಿಂದಿಸಿದವರಿಲ್ಲ. ಆದರೆ ಹದಿನೈದು ಸೆಂಟಿಮೀಟರಿನ ಆಚೀಚೆಯ ನಡುಗಾತ್ರದವನ್ನು ಇಟ್ಟುಕೊಂಡು, ಕೊಳದಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ವಿಶೇಷವಾಗಿ ಜೂನ್ ತಿಂಗಳಲ್ಲಿ ತಟ್ಟೆಯಂತಹ ತಗ್ಗಿನ ಮೇಲೆ ಕಾವಲು ನಿಂತಿರುವ ಕೆಂಪೆದೆಯ ಗಂಡನ್ನು, ಸಿಕ್ಕಿದ ಕ್ಷಣದಲ್ಲಿಯೇ ಅದೇ 
ಸ್ಥಳದಲ್ಲಿ ಬಿಟ್ಟುಬಿಡಲಿ. ಮಿನ್ನೆಸೋಟ ರಾಜ್ಯವು ಇದನ್ನು ಮನಗಂಡು, ಆಯ್ದ ಸರೋವರಗಳಲ್ಲಿ ಒಬ್ಬನು ದಿನಕ್ಕೆ ಹಿಡಿದಿಟ್ಟುಕೊಳ್ಳಬಹುದಾದ ಸನ್‌ಫಿಶ್ಶುಗಳ ಮಿತಿಯನ್ನು ಇಪ್ಪತ್ತರಿಂದ ಹತ್ತಕ್ಕೂ ಕೆಲವೆಡೆ ಐದಕ್ಕೂ ಇಳಿಸಿದೆ.